ಅಕ್ಕ ಹಿಂದಿಯಲ್ಲಿ ಬರೆಯುವವರಲ್ಲ: ಡೊಂಬಿವಲಿಯ ಒಂದು ಮೊಬೈಲ್ ಕೂಟದ ಪ್ರಕರಣ

ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡ ಬಳಗದ ಮೂವತ್ತು ನಲವತ್ತು ಮಂದಿಯ ಫೋನಿಗೆ ಒಂದೇ ಮೆಸೇಜ್ ಬಂತು. ಬಂದದ್ದು ಅಕ್ಕನ ನಂಬರಿನಿಂದ. ಅವರ ಹೆಸರು ಇಲ್ಲಿ ಬೇಡ. ಬಳಗದಲ್ಲಿ ಎಲ್ಲರೂ ಅವರನ್ನು ಅಕ್ಕ ಅಂತಲೇ ಕರೆಯುವುದು, ಅವರಿಗಿಂತ ವಯಸ್ಸಿನಲ್ಲಿ ದೊಡ್ಡವರೂ ಕೂಡ. ಕುಂದಾಪುರದ ಕಡೆಯವರು. ಮದುವೆಯಾಗಿ ಮುಂಬೈಗೆ ಬಂದು ನಲವತ್ತು ವರ್ಷ ದಾಟಿತು. ಮೆಸೇಜಿನಲ್ಲಿ ಇದ್ದದ್ದು ಇಷ್ಟು: ತುಂಬಾ ಅರ್ಜೆಂಟ್ ಇದೆ, ನನ್ನ ಯುಪಿಐ ನಡೆಯುತ್ತಿಲ್ಲ, ಈ ನಂಬರಿಗೆ 18,000 ಹಾಕಿ, ಸಂಜೆಯೊಳಗೆ ವಾಪಸ್ ಕೊಡುತ್ತೇನೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಹಿಂದಿ.

ಇಬ್ಬರು ದುಡ್ಡು ಹಾಕಿದರು. ಒಬ್ಬರು ಪೂರ್ತಿ 18,000. ಇನ್ನೊಬ್ಬರು 5,000 ಹಾಕಿ, "ಸದ್ಯಕ್ಕೆ ಇಷ್ಟೇ ಇರೋದು ಅಕ್ಕ, ಬೇಜಾರು ಮಾಡ್ಕೋಬೇಡಿ" ಅಂತ ಬರೆದು ಕ್ಷಮೆಯನ್ನೂ ಕೇಳಿದರು.

ಮೂರನೆಯವರು ನಮ್ಮ ವರ್ಕ್‌ಶಾಪ್ ಮಾವ. ಮಾಟುಂಗಾದ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು. ಮೆಸೇಜ್ ಓದಿದವರೇ ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರಂತೆ. ಆಮೇಲೆ ವಾಟ್ಸಾಪಿನಲ್ಲಿ ಉತ್ತರ ಕೊಡದೆ ಮಾಮೂಲಿ ಫೋನ್ ಮಾಡಿದರು. ಅಕ್ಕ ಆಗ ಬಸಳೆ ಸೋಸುತ್ತಾ ಕೂತಿದ್ದರು. ಬೆಳಿಗ್ಗೆಯಿಂದ ವಾಟ್ಸಾಪ್ ತೆರೆಯುತ್ತಿಲ್ಲ, ನೆಟ್ ಕೈಕೊಟ್ಟಿರಬೇಕು ಅಂದುಕೊಂಡಿದ್ದರಂತೆ.

ನಿಮಗೆ ಹೇಗೆ ಅನುಮಾನ ಬಂತು ಅಂತ ಆಮೇಲೆ ಎಲ್ಲರೂ ಮಾವನನ್ನು ಕೇಳಿದೆವು. ಅವರ ಉತ್ತರ ಸರಳ. "ಅಕ್ಕ ನನಗೆ ಹಿಂದಿಯಲ್ಲಿ ಯಾಕೆ ಬರೀತಾರೆ ಮಾರಾಯ್ರೆ? ಅವರು ಬರೆಯೋದೇ ಇಲ್ಲ, ವಾಯ್ಸ್ ಹಾಕ್ತಾರೆ. ಅದೂ 'ಹ್ವಾಯ್' ಅಂತ ಕೂಗಿಯೇ ಶುರು ಮಾಡೋದು."

ಈ ಬರಹ ಬರೆಯಲು ಕಾರಣ ಆ ದುಡ್ಡಲ್ಲ. ಈ ಘಟನೆ ನಡೆಯುವ ನಾಲ್ಕು ತಿಂಗಳ ಮೊದಲೇ ನಾವು ಬಳಗದಲ್ಲಿ ಸೋಷಿಯಲ್ ಮೀಡಿಯಾ ಕಲಿಯಲು ಅಂತ ಒಂದು ಕೂಟ ಶುರು ಮಾಡಿದ್ದೆವು. ಮೊದಲ ಕೂಟದಲ್ಲೇ ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ "ಒಟಿಪಿ ಯಾರಿಗೂ ಕೊಡಬೇಡಿ" ಅಂತ ತೋರಿಸಿದ್ದೆವು. ಅಕ್ಕ ಎರಡನೇ ಸಾಲಿನಲ್ಲಿ ಕೂತಿದ್ದರು. ತಲೆ ಆಡಿಸಿದ್ದರು. ಆ ಸ್ಲೈಡ್ ಮಾಡಿದವನು ನಾನೇ.

ಕೋಡ್ ಹೋದದ್ದು ಹೇಗೆ

ಹಿಂದಿನ ದಿನ ಸಂಜೆ ಅಕ್ಕನಿಗೆ ಪರಿಚಯದ ಹೆಂಗಸೊಬ್ಬರಿಂದ ಮೆಸೇಜ್ ಬಂದಿತ್ತು. ನನ್ನದೊಂದು ಆರು ಅಂಕೆಯ ಕೋಡ್ ತಪ್ಪಿ ನಿಮ್ಮ ನಂಬರಿಗೆ ಬಂದಿದೆ, ದಯವಿಟ್ಟು ಕಳಿಸಿ ಅಂತ. ನೋಡಿದರೆ ನಿಜವಾಗಿಯೂ ಎಸ್‌ಎಂಎಸ್ ಬಂದಿದೆ! ಅಕ್ಕ ಕಳಿಸಿದರು.

ಆ ಪರಿಚಯದವರ ಖಾತೆ ಮೊದಲೇ ಕಳ್ಳನ ಕೈ ಸೇರಿತ್ತು. ಅವನು ತನ್ನ ಫೋನಿನಲ್ಲಿ ವಾಟ್ಸಾಪ್ ಹಾಕಿ, ನಂಬರ್ ಕೇಳಿದ ಕಡೆ ಅಕ್ಕನ ನಂಬರ್ ಒತ್ತಿದ್ದ. ಆಗ ವಾಟ್ಸಾಪ್ ನಿಯಮದ ಪ್ರಕಾರ ಅಕ್ಕನ ಸಿಮ್ಮಿಗೆ ಕೋಡ್ ಕಳಿಸುತ್ತದೆ. ಆ ಕೋಡ್ ಅವನ ಕೈಗೆ ಸಿಕ್ಕಿದ ಕೂಡಲೇ ಅಕ್ಕನ ಫೋನಿನಲ್ಲಿ ವಾಟ್ಸಾಪ್ ಬಂದ್, ಅವನ ಫೋನಿನಲ್ಲಿ ಚಾಲೂ. ಬೀಗ ಒಡೆಯುವ ಕೆಲಸವೇ ಇಲ್ಲ. ಕೀಲಿಕೈ ನಾವೇ ಕೊಟ್ಟಿರುತ್ತೇವೆ.

ಇಲ್ಲಿ ಒಂದು ವಿಷಯ ನಮಗೆ ಆಮೇಲೆ ಹೊಳೆಯಿತು. ಹೀಗೆ ಖಾತೆ ಕದ್ದವನಿಗೆ ಹಳೆಯ ಮಾತುಕತೆ ಕಾಣುವುದಿಲ್ಲ. ಅದು ಅಕ್ಕನ ಫೋನಿನಲ್ಲೇ ಉಳಿಯುತ್ತದೆ. ಅಕ್ಕ ಯಾವ ಯಾವ ಗ್ರೂಪಿನಲ್ಲಿ ಇದ್ದಾರೋ ಅವು ಮಾತ್ರ ಅವನಿಗೆ ಸಿಗುತ್ತವೆ, ಅದರಲ್ಲಿರುವವರ ನಂಬರುಗಳ ಸಮೇತ. ಅಂದರೆ ಅವನಿಗೆ ಯಾರಿಗೆ ಬರೆಯಬೇಕು ಅನ್ನೋದು ಗೊತ್ತಿತ್ತು, ಯಾವ ಮಾತಿನಲ್ಲಿ ಬರೆಯಬೇಕು ಅನ್ನೋದು ಗೊತ್ತಿರಲಿಲ್ಲ. ಮುಂಬೈ ನಂಬರ್, ಹಾಗಾದರೆ ಹಿಂದಿ. ಅವನ ಲೆಕ್ಕ ತಪ್ಪೇನಲ್ಲ. ಇಲ್ಲಿ ನಾವು ರಿಕ್ಷಾದವನ ಹತ್ತಿರ ಹಿಂದಿ, ಸೊಸೈಟಿ ಮೀಟಿಂಗಿನಲ್ಲಿ ಮರಾಠಿ, ಮೊಮ್ಮಕ್ಕಳ ಹತ್ತಿರ ಒಂದಿಷ್ಟು ಇಂಗ್ಲಿಷ್ ಬಳಸುತ್ತೇವೆ. ನಮ್ಮ ನಮ್ಮಲ್ಲಿ ಮಾತ್ರ ಕನ್ನಡ, ತುಳು. ಹೊರಗಿನವನಿಗೆ ಈ ಒಳಗೋಡೆ ಕಾಣುವುದಿಲ್ಲ.

ಖಾತೆ ವಾಪಸ್ ತಂದದ್ದು ಬಳಗದ ಕಾಲೇಜ್ ಹುಡುಗಿ. ಅಕ್ಕನ ಫೋನಿನಲ್ಲೇ ಮತ್ತೆ ಅದೇ ನಂಬರ್ ಹಾಕಿಸಿದಳು. ಹೊಸ ಕೋಡ್ ಬಂತು. ಒತ್ತಿದ ಕೂಡಲೇ ಕಳ್ಳ ಹೊರಗೆ. ಆದರೆ ಅವನು ಅಷ್ಟರಲ್ಲಿ ಟೂ ಸ್ಟೆಪ್ ವೆರಿಫಿಕೇಶನ್ ಅನ್ನೋ ಎರಡನೇ ಬೀಗ ಹಾಕಿ ಅದಕ್ಕೊಂದು ಪಿನ್ ಇಟ್ಟುಬಿಟ್ಟಿದ್ದ. ಆ ಪಿನ್ ಗೊತ್ತಿಲ್ಲದಿದ್ದರೆ 7 ದಿನ ಕಾಯಬೇಕು. ಆ ಒಂದು ವಾರ ಅಕ್ಕನಿಗೂ ವಾಟ್ಸಾಪ್ ಇಲ್ಲ, ಅವನಿಗೂ ಇಲ್ಲ. ಇದನ್ನು ಕೇಳಿದಾಗ ಅಕ್ಕ ಆ ದಿನದಲ್ಲಿ ಮೊದಲ ಸಲ ನಕ್ಕರು.

5,000 ಕಳಿಸಿದವರು ಅವತ್ತೇ ಮಧ್ಯಾಹ್ನ 1930ಕ್ಕೆ ಫೋನ್ ಮಾಡಿದರು. ಇದು ಕೇಂದ್ರ ಗೃಹ ಇಲಾಖೆಯ ಸೈಬರ್ ಸಹಾಯವಾಣಿ. 2021ರಲ್ಲಿ 155260 ಅಂತ ಶುರುವಾಗಿ ಆಮೇಲೆ ಈ ನಾಲ್ಕು ಅಂಕೆಗೆ ಬದಲಾಯಿತು. ದೂರು ಬೇಗ ಹೋದಷ್ಟೂ, ದುಡ್ಡು ಇನ್ನೊಂದು ಖಾತೆಗೆ ಜಾರುವ ಮೊದಲೇ ಬ್ಯಾಂಕ್ ತಡೆದಿಡುವ ಸಾಧ್ಯತೆ ಜಾಸ್ತಿ. ಅವರ ದುಡ್ಡು ಹಾಗೆ ಸಿಕ್ಕಿಬಿತ್ತು, ಕೈಗೆ ಬರಲು ತಿಂಗಳುಗಳೇ ಹಿಡಿದವು ಅನ್ನೋದು ಬೇರೆ ಮಾತು. 18,000 ಕಳಿಸಿದವರು ಮೂರು ದಿನ ಸುಮ್ಮನಿದ್ದರು. ಹೆಂಡತಿಗೂ ಹೇಳಿರಲಿಲ್ಲ. ಅವರ ದುಡ್ಡು ಹೋಯಿತು.

ಒಂದೇ ಗಂಟೆಯಲ್ಲಿ ಮೋಸ ಹೋದ ಇಬ್ಬರ ನಡುವೆ ಇದ್ದ ವ್ಯತ್ಯಾಸ ಬುದ್ಧಿಯದ್ದಲ್ಲ. ಒಬ್ಬರು ನಾಚಿಕೆ ಬಿಟ್ಟರು, ಇನ್ನೊಬ್ಬರಿಗೆ ಬಿಡಲು ಆಗಲಿಲ್ಲ, ಅಷ್ಟೇ.

ನನ್ನ ಸ್ಲೈಡಿನ ಗತಿ

ಮೊದಲ ಕೂಟದ ಬಗ್ಗೆ ಜಾಸ್ತಿ ಹೇಳಲು ಮನಸ್ಸಿಲ್ಲ, ಆದರೂ ಹೇಳಬೇಕು. 2024ರ ಮಳೆಗಾಲ, ಭಾನುವಾರ, ಸೆಂಟ್ರಲ್ ಲೈನಿನಲ್ಲಿ ಮೆಗಾ ಬ್ಲಾಕ್, ಅಂದರೆ ಹಳಿ ರಿಪೇರಿಗೆ ಲೋಕಲ್ ಗಾಡಿ ನಿಲ್ಲಿಸುವ ದಿನ. ಠಾಣೆ ಪಟ್ಟಣದಿಂದ ಬರಬೇಕಾದ ಭಾಷಣಕಾರರು ಒಂದೂವರೆ ಗಂಟೆ ತಡ. ಅಲ್ಲಿಯವರೆಗೆ ಜನರನ್ನು ಕೂರಿಸಲು ಭಾವಗೀತೆ ಹಾಡಿಸಿದೆವು. ಅವರು ಬಂದ ಮೇಲೆ ನಲವತ್ತೆರಡು ಸ್ಲೈಡ್. ಎನ್‌ಕ್ರಿಪ್ಶನ್, ಆಲ್ಗರಿದಮ್, ಫಿಶಿಂಗ್ ಅನ್ನೋ ಸುಳ್ಳು ಮೆಸೇಜಿನ ಮೋಸ. ಒಬ್ಬರು ಪಕ್ಕದವರನ್ನು "ಫಿಶಿಂಗ್ ಅಂದ್ರೆ ಮಲ್ಪೆ ವಿಷಯವಾ?" ಅಂತ ಕೇಳಿದರು. ತಮಾಷೆಗೆ ಕೇಳಿದ್ದಲ್ಲ. ಅವತ್ತು ಅರವತ್ತು ಜನ ಬಂದಿದ್ದರು. ಎರಡನೇ ಕೂಟಕ್ಕೆ ಹನ್ನೊಂದು.

ಅಕ್ಕನ ಘಟನೆ ಆದ ಮೇಲೆ ನಾನು ಅವರ ಮನೆಗೆ ಹೋಗಿ ನೇರವಾಗಿ ಕೇಳಿದೆ. ಸ್ಲೈಡ್ ನೋಡಿದ್ರಿ ಅಲ್ವಾ ಅಕ್ಕ, ಒಟಿಪಿ ಕೊಡಬಾರದು ಅಂತ ಇತ್ತಲ್ಲ? ಅವರು ಹೇಳಿದ್ದನ್ನು ಇಲ್ಲಿ ಹಾಗೇ ಇಡುತ್ತೇನೆ.

"ಒಟಿಪಿ ಬ್ಯಾಂಕಿನಿಂದ ಬರೋದಲ್ವಾ? ಇದು ವಾಟ್ಸಾಪಿಂದು. ಅವಳು ಕೋಡ್ ಅಂತ ಕೇಳಿದ್ಳು. ಮತ್ತೆ ಯಾರಿಗೂ ಕೊಡಬೇಡಿ ಅಂದ್ರೆ ಯಾರೋ ಗೊತ್ತಿಲ್ಲದವರಿಗೆ ಅಂತ ಅಲ್ವಾ? ಇವಳು ನನ್ನ ಜೊತೆ ಭಜನೆಗೆ ಬರೋಳು."

ಎಸ್‌ಎಂಎಸ್‌ನಲ್ಲಿ ಈ ಕೋಡ್ ಯಾರಿಗೂ ಕೊಡಬೇಡಿ ಅಂತ ಬರೆದಿರುತ್ತದೆ, ಅದೂ ಇಂಗ್ಲಿಷಿನಲ್ಲಿ. ಅಕ್ಕ ಊರಿನಲ್ಲಿ ಏಳನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದವರು. ಇಂಗ್ಲಿಷ್ ಅಂಕೆ ಓದುತ್ತಾರೆ, ಇಂಗ್ಲಿಷ್ ವಾಕ್ಯ ಓದುವುದಿಲ್ಲ. ಹಾಗಾಗಿ ಆ ಮೆಸೇಜಿನಲ್ಲಿ ಅವರಿಗೆ ಕಂಡದ್ದು ಆರು ಅಂಕೆ ಮಾತ್ರ, ಅದೂ ಕಳ್ಳನಿಗೆ ಬೇಕಾದ ಆರು ಅಂಕೆ. ನನ್ನ ಸ್ಲೈಡ್ ಕನ್ನಡದಲ್ಲೇ ಇತ್ತು. ಆದರೆ ಅದರ ಮೂರು ಪದಗಳಲ್ಲಿ ಎರಡು ಪದಕ್ಕೆ ಅಕ್ಕನ ಅರ್ಥವೇ ಬೇರೆ, ನನ್ನ ಅರ್ಥವೇ ಬೇರೆ.

ಚಹಾದ ಹೊತ್ತು

ಕೂಟ ನಿಲ್ಲಿಸಿಬಿಡೋಣ ಅನ್ನುವ ಮಾತು ಬಂದಿತ್ತು. ಆಗ ಕಾಲೇಜ್ ಹುಡುಗಿ ಒಂದು ವಿಷಯ ಹೇಳಿದಳು. ಅವಳು ಮಾಸ್ ಮೀಡಿಯಾ ಓದುವವಳು. 2005ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಬಾರ್‌ಕ್ಯಾಂಪ್ ಅಂತ ಒಂದು ಕೂಟ ಶುರುವಾಯಿತಂತೆ. ಅಲ್ಲಿ ಮೊದಲೇ ನಿಗದಿಯಾದ ಭಾಷಣ ಇಲ್ಲ. ಬಂದವರೇ ಖಾಲಿ ಬೋರ್ಡಿನ ಮೇಲೆ ತಮ್ಮ ವಿಷಯ ಬರೆಯಬೇಕು. ಕೇಳಲು ಮಾತ್ರ ಬಂದವರು ಅಂತ ಯಾರೂ ಇಲ್ಲ, ಎಲ್ಲರೂ ಏನಾದರೂ ಕೊಡಬೇಕು. ಬ್ಲಾಗು, ಸೋಷಿಯಲ್ ಮೀಡಿಯಾ ಹೊಸದಾಗಿದ್ದ ಆ ವರ್ಷಗಳಲ್ಲಿ ಈ ಪದ್ಧತಿ ಊರೂರಿಗೆ ಹಬ್ಬಿತು. ಅದಕ್ಕೂ ಮೊದಲು, 1985ರಲ್ಲಿ, ಹ್ಯಾರಿಸನ್ ಓವೆನ್ ಅನ್ನುವವರು ಓಪನ್ ಸ್ಪೇಸ್ ಅಂತ ಇಂಥದ್ದೇ ಒಂದನ್ನು ನಡೆಸಿದ್ದರು. ತಾವು ಕಷ್ಟಪಟ್ಟು ನಡೆಸಿದ ದೊಡ್ಡ ಸಮ್ಮೇಳನದಲ್ಲಿ ಜನರಿಗೆ ಇಷ್ಟವಾದದ್ದು ಕಾಫಿ ವಿರಾಮ ಮಾತ್ರ ಅನ್ನೋದು ಅವರಿಗೆ ಗೊತ್ತಾಗಿತ್ತು. ಹಾಗಾದರೆ ಇಡೀ ಸಮ್ಮೇಳನವನ್ನೇ ಕಾಫಿ ವಿರಾಮದ ಹಾಗೆ ಮಾಡಿದರೆ ಹೇಗೆ?

ನನಗೆ ಆಗ ನೆನಪಾಯಿತು. ನಮ್ಮ ಮೊದಲ ಕೂಟದಲ್ಲೂ ಉಪ್ಪಿಟ್ಟು ತಿನ್ನುವಾಗಲೇ ಜನ ಫೋನ್ ಹೊರಗೆ ತೆಗೆದದ್ದು. "ಇದು ನೋಡಿ, ಹೀಗೆ ಬರ್ತಿದೆ, ಎಂತ ಮಾಡೋದು?" ಅಂತ ಒಬ್ಬರು ಇನ್ನೊಬ್ಬರಿಗೆ ತೋರಿಸುತ್ತಿದ್ದರು. ನಾವು ಸಂಘಟಕರು ಆಗ ಪ್ರೊಜೆಕ್ಟರ್ ಮಡಚುವುದರಲ್ಲಿ ಮುಳುಗಿದ್ದೆವು.

ಮೂರನೇ ಕೂಟದಿಂದ ಚಹಾ ಮೊದಲು. ಕುರ್ಚಿಗಳನ್ನು ಸುತ್ತ ಹಾಕಿದೆವು. ಪ್ರೊಜೆಕ್ಟರ್ ಬಾಡಿಗೆ ಉಳಿಯಿತು. ಬಂದವರು ಒಂದು ಪ್ರಶ್ನೆ ಅಥವಾ ತಮಗೆ ಗೊತ್ತಿರುವ ಒಂದು ವಿಷಯ ತರಬೇಕು. ಫೋಟೊ ತೆಗೆಯುವ ಹಾಗಿಲ್ಲ, ಅಲ್ಲಿ ಕೇಳಿದ್ದನ್ನು ಹೆಸರು ಸೇರಿಸಿ ಹೊರಗೆ ಹೇಳುವ ಹಾಗಿಲ್ಲ. ಕಲಿಸುವವರು ಕಲಿಯುವವರ ಫೋನ್ ಮುಟ್ಟುವ ಹಾಗಿಲ್ಲ. ಈ ಕೊನೆಯದು ಟೀಚರಮ್ಮ ಹಟ ಹಿಡಿದು ತಂದ ನಿಯಮ. ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿದವರು. ಅವರ ವಾದ ಹೀಗಿತ್ತು: ಮನೆಯಲ್ಲಿ ಮಗ ಫೋನ್ ಕಿತ್ತುಕೊಂಡು ಎರಡು ಸೆಕೆಂಡಿನಲ್ಲಿ ಏನೋ ಒತ್ತಿ ವಾಪಸ್ ಕೊಡುತ್ತಾನೆ. ಕೆಲಸ ಆಗುತ್ತದೆ. ಕಲಿತದ್ದು ಏನು? ಹುಡುಗರು ಕೈ ಹಿಂದೆ ಕಟ್ಟಿಕೊಂಡು ಬಾಯಲ್ಲಿ ಹೇಳಬೇಕು. ಮೊದಲ ದಿನ ಹುಡುಗರಿಗೆ ಇದು ಶಿಕ್ಷೆಯೇ ಆಯಿತು.

ಈ ಹೊಸ ರೀತಿಯ ಮೊದಲ ಎರಡು ಕೂಟಕ್ಕೆ ಅಕ್ಕ ಬರಲಿಲ್ಲ. ಮೊಣಕಾಲು ನೋವು ಅಂದರು. ಅದರ ಮುಂದಿನದಕ್ಕೆ ವರ್ಕ್‌ಶಾಪ್ ಮಾವ ತಾವೇ ಹೋಗಿ ಕರೆತಂದರು. ದಾರಿಯಲ್ಲಿ ಏನು ಮಾತಾಡಿದರೋ ಗೊತ್ತಿಲ್ಲ. ಕೂಟ ಶುರುವಾದ ಕೂಡಲೇ ಮಾವ ಎದ್ದು, ಐದು ವರ್ಷದ ಹಿಂದೆ ಲಾಟರಿ ಬಂದಿದೆ ಅಂತ ಬಂದ ಫೋನ್ ನಂಬಿ ತಾವು 7,000 ಕಳೆದುಕೊಂಡ ಕಥೆ ಹೇಳಿದರು. ಅವತ್ತಿನವರೆಗೆ ಯಾರಿಗೂ ಗೊತ್ತಿರಲಿಲ್ಲ, ಮನೆಯವರಿಗೂ ಸಹ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಟೀಚರಮ್ಮ, "ನನ್ನದು ಸೀರೆ" ಅಂದರು. ಫೇಸ್‌ಬುಕ್ಕಿನಲ್ಲಿ ನೋಡಿದ ಇಳಕಲ್ ಸೀರೆಗೆ ದುಡ್ಡು ಹಾಕಿ, ಬಂದದ್ದು ಕರ್ಚೀಫಿಗಿಂತ ಸ್ವಲ್ಪ ದೊಡ್ಡ ಬಟ್ಟೆ.

ಅಷ್ಟಾದ ಮೇಲೆ ಅಕ್ಕ ಬಾಯಿ ಬಿಟ್ಟರು. ಅರ್ಧ ಗಂಟೆ ಮಾತಾಡಿದರು. ಯಾವ ಮೆಸೇಜ್ ಯಾವಾಗ ಬಂತು, ಆಗ ತಾವು ಏನು ಮಾಡುತ್ತಿದ್ದರು, ಏನು ಅಂದುಕೊಂಡರು, ಎಲ್ಲ. ಕುಕ್ಕರ್ ಕೂಗುತ್ತಿತ್ತಂತೆ. ಬೇಗ ಬೇಗ ಕಳಿಸಿ ಅಂತ ಆ ಭಜನೆಯವಳ ನಂಬರಿನಿಂದ ಮೂರು ಸಲ ಬಂತಂತೆ. "ಕುಕ್ಕರ್ ಆರಿಸಿ ಬಂದು ಕಳಿಸಿದ್ರೆ ನಾನು ಮೋಸ ಹೋಗ್ತಿರಲಿಲ್ಲವೋ ಏನೋ" ಅಂದರು. ಅವತ್ತು ಅಲ್ಲಿದ್ದವರು ಒಬ್ಬರೂ ಆ ಕುಕ್ಕರನ್ನು ಮರೆತಿಲ್ಲ. ಈಗ ನಮ್ಮ ಬಳಗದಲ್ಲಿ ಯಾರಾದರೂ ಮೆಸೇಜಿಗೆ ಆತುರ ಮಾಡಿದರೆ "ಕುಕ್ಕರ್ ಆರಿಸಿ ಬನ್ನಿ" ಅನ್ನೋದು ಮಾತೇ ಆಗಿದೆ. ನನ್ನ ಸ್ಲೈಡ್ ಯಾರಿಗೂ ನೆನಪಿಲ್ಲ.

ಅವತ್ತೇ ಹದಿನೇಳು ಜನ ತಮ್ಮ ಕೈಯಾರೆ ಆ ಎರಡನೇ ಬೀಗದ ಪಿನ್ ಹಾಕಿಕೊಂಡರು. ಆರು ಅಂಕೆ ನೆನಪಿಡುವುದು ಹೇಗೆ ಅನ್ನೋದು ದೊಡ್ಡ ಚರ್ಚೆಯಾಯಿತು. ಹುಟ್ಟಿದ ತಾರೀಕು ಬೇಡ, ಅದು ಫೇಸ್‌ಬುಕ್ಕಿನಲ್ಲೇ ಇದೆ ಅಂದಾಗ ಹಲವರಿಗೆ ಆಶ್ಚರ್ಯ. ತಮ್ಮನ್ನು ಯಾರು ಬೇಕಾದರೂ ಗ್ರೂಪಿಗೆ ಸೇರಿಸದ ಹಾಗೆ ಮಾಡುವ ಸೆಟ್ಟಿಂಗ್ ಇದೆ ಅನ್ನೋದೂ ಅವತ್ತೇ ತಿಳಿದದ್ದು.

ಒಂದು ಪಜೀತಿಯನ್ನೂ ಹೇಳಬೇಕು. ಉತ್ಸಾಹದಲ್ಲಿ ಏಳೆಂಟು ಜನ ವಾಟ್ಸಾಪಿನ ಭಾಷೆಯನ್ನೇ ಕನ್ನಡಕ್ಕೆ ಬದಲಾಯಿಸಿಕೊಂಡು ಮನೆಗೆ ಹೋದರು. ಮನೆಯಲ್ಲಿ ಮೊಮ್ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ಅಜ್ಜಿಗೆ ಏನಾದರೂ ಹುಡುಕಿಕೊಡಬೇಕಾದರೆ ಈಗ ಅಜ್ಜಿಯೇ ಓದಿ ಹೇಳಬೇಕು. ನಾಲ್ವರು ಮತ್ತೆ ಇಂಗ್ಲಿಷಿಗೆ ಹೋದರು. ಉಳಿದ ಮನೆಗಳಲ್ಲಿ ಒಂದರಲ್ಲಿ ಮೊಮ್ಮಗ ಅದೇ ನೆಪದಲ್ಲಿ ಕನ್ನಡ ಅಕ್ಷರ ಕಲಿಯುತ್ತಿದ್ದಾನೆ. ಇದನ್ನು ಯಾರೂ ಯೋಜನೆ ಮಾಡಿರಲಿಲ್ಲ.

ಹಳದಿ ಗಾಡಿ

ಮಳೆಗಾಲ ಬಂದರೆ ಮುಂಬೈಯ ಎಲ್ಲ ಗ್ರೂಪುಗಳಲ್ಲೂ ನೀರು ತುಂಬುತ್ತದೆ. ಮರುವರ್ಷ ಜುಲೈಯಲ್ಲಿ ನಮ್ಮ ಗ್ರೂಪಿಗೊಂದು ಫೋಟೊ ಬಂತು. ಹಳಿ ಕಾಣದಷ್ಟು ನೀರು, ಮಧ್ಯೆ ನಿಂತ ಲೋಕಲ್, ಕೆಳಗೆ "ಈಗಷ್ಟೇ, ಹೊರಗೆ ಹೋಗಬೇಡಿ" ಅಂತ ಬರಹ. ಮೇಲೆ ಎರಡು ಬಾಣದ ಗುರುತು. ಐದು ಕೈ ದಾಟಿ ಬಂದ ಮೆಸೇಜಿಗೆ ವಾಟ್ಸಾಪ್ ಈ ಗುರುತು ಹಾಕುತ್ತದೆ. 2018ರಲ್ಲಿ ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟಿಗಷ್ಟೇ ಫಾರ್ವರ್ಡ್ ಅಂತ ಕಟ್ಟು ಹಾಕಿದರು. 2020ರಲ್ಲಿ ಈ ಎರಡು ಬಾಣದವನ್ನು ಒಂದು ಸಲಕ್ಕೆ ಒಂದೇ ಚಾಟಿಗೆ ಕಳಿಸಬಹುದು ಅಂತ ಮಾಡಿದರು. ಇದನ್ನೆಲ್ಲ ಹುಡುಗಿ ಮೊದಲೇ ಹೇಳಿದ್ದಳು. ಅವಳು ಫೋಟೊವನ್ನು ಗೂಗಲ್ಲಿನಲ್ಲಿ ಹುಡುಕಲು ಹೊರಟಳು.

ಅಷ್ಟರಲ್ಲಿ ಮಾವನ ವಾಯ್ಸ್ ಬಂತು. "ಗಾಡಿಯ ಬಣ್ಣ ನೋಡಿ. ಹಳದಿ ಕಂದು. ಬಿಳಿ ನೇರಳೆ ಗಾಡಿ ಬರಲು ಶುರುವಾದದ್ದು 2007ರಲ್ಲಿ. ಈ ಹಳದಿ ಗಾಡಿ ಈಗ ಎಲ್ಲಿ ಓಡ್ತದೆ? ಇದು 26 ಜುಲೈಯದ್ದು ಇರಬೇಕು." 2005ರ ಜುಲೈ 26 ಮುಂಬೈಯವರಿಗೆ ವರ್ಷ ಸೇರಿಸಿ ಹೇಳಬೇಕಾಗಿಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಹುಡುಗಿ ಹುಡುಕಿ ನೋಡಿದಳು. ಹಳೆಯ ಫೋಟೊವೇ.

ನನಗೆ ಇದು ಅಕ್ಕನ ಹಿಂದಿ ಮೆಸೇಜಿನ ಇನ್ನೊಂದು ಮುಖ ಅನ್ನಿಸಿತು. ಯಾವ ಬಟನ್ ಎಲ್ಲಿದೆ ಅನ್ನೋದು ಹುಡುಗರಿಗೆ ಗೊತ್ತು. ಅನುಮಾನ ಪಡಲು ಬೇಕಾದ ಸರಕು ಹಿರಿಯರ ಹತ್ತಿರ ಇತ್ತು. ಯಾರು ಹೇಗೆ ಮಾತಾಡುತ್ತಾರೆ, ಯಾವ ಗಾಡಿ ಯಾವ ಬಣ್ಣ, ಯಾವ ಹಬ್ಬ ಯಾವಾಗ. ಅದು ಫೋನಿಗೂ ಉಪಯೋಗಕ್ಕೆ ಬರುತ್ತದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ನಾವಂತೂ ಅವರನ್ನು ಏನೂ ಗೊತ್ತಿಲ್ಲದವರು ಅಂತಲೇ ಕೂರಿಸಿ ಪಾಠ ಮಾಡಿದ್ದೆವು.

ಮೂರೂವರೆ ಗಂಟೆಯ ಕೂಟ

ಹೋಟೆಲಿನವರು ಭಾನುವಾರ ಬರಲಾರರು. ಅವರಿಗೆ ಅದೇ ಜೋರು ವ್ಯಾಪಾರದ ದಿನ. ಹಾಗಾಗಿ ಬಳಗದ ಒಬ್ಬ ಶೆಟ್ರು ತಮ್ಮ ಹೋಟೆಲಿನಲ್ಲೇ ಗುರುವಾರ ಮಧ್ಯಾಹ್ನ ಮೂರೂವರೆಗೆ ಕರೆದರು. ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲಿನ ಹೊತ್ತು. ಹುಡುಗರು ನಿದ್ದೆ ಬಿಟ್ಟು ಬರಬೇಕು. ಉಡುಪಿ, ಕುಂದಾಪುರದವರು ನಾಲ್ಕೇ ಜನ, ಉಳಿದವರು ಉತ್ತರ ಪ್ರದೇಶ, ನೇಪಾಳದವರು. ಉಡುಪಿ ಹೋಟೆಲಿನ ಅಡುಗೆಮನೆ ಈಗ ಹೀಗೇ ಇರುವುದು. ಕೂಟ ಹಿಂದಿಯಲ್ಲೇ ನಡೆಯಿತು.

ಗಲ್ಲಾದಲ್ಲಿ ಕೂರುವವರ ತೊಂದರೆ ಬೇರೆ. ಗಿರಾಕಿ ಪೇಮೆಂಟ್ ಆಯಿತು ಅಂತ ಸ್ಕ್ರೀನ್ ತೋರಿಸಿ ಹೋಗುತ್ತಾನೆ, ದುಡ್ಡು ಬಂದಿರುವುದಿಲ್ಲ. ಸೌಂಡ್ ಬಾಕ್ಸ್ ಕೂಗುವವರೆಗೆ ಬಿಲ್ಲಿಗೆ ಸೀಲು ಹಾಕಬೇಡ ಅನ್ನೋದು ಅಲ್ಲಿ ಮೊದಲೇ ಇದ್ದ ನಿಯಮ. ಅದನ್ನು ನಾವೇ ಕಲಿತೆವು. ಬೆಳಿಗ್ಗೆ ಅಂಗಡಿ ತೆರೆದಾಗ ಕ್ಯೂಆರ್ ಸ್ಟಿಕ್ಕರಿನ ಮೇಲೆ ಇನ್ನೊಂದು ಸ್ಟಿಕ್ಕರ್ ಅಂಟಿದೆಯಾ ಅಂತ ಉಗುರಿನಿಂದ ಕೆರೆದು ನೋಡುವುದನ್ನೂ.

ಒಬ್ಬ ಸಪ್ಲೈಯರ್ ಹುಡುಗ ತಾನಾಗಿ ಹೇಳಿದ. ಟೆಲಿಗ್ರಾಮಿನಲ್ಲಿ ವಿಡಿಯೊ ಲೈಕ್ ಮಾಡಿದರೆ ಒಂದಕ್ಕೆ 50 ರೂಪಾಯಿ ಅಂದಿದ್ದರು. ಮೊದಲ ದಿನ ನಿಜವಾಗಿಯೂ 150 ಬಂತು. ಆಮೇಲೆ ದೊಡ್ಡ ಕೆಲಸಕ್ಕೆ ಮುಂಗಡ ಕಟ್ಟು ಅಂದರು. 12,000 ಹೋಯಿತು, ಊರಿಗೆ ಕಳಿಸಬೇಕಾದದ್ದು. "ಮೊದಲು ಅವರೇ ಕೊಟ್ರು ಅಣ್ಣ, ಅದಕ್ಕೇ ನಂಬಿದೆ" ಅಂದ. ಶೆಟ್ರು ಗದರಲಿಲ್ಲ. ಅಷ್ಟು ನಮಗೆ ಸಾಕಿತ್ತು.

ತಾಳಮದ್ದಳೆ

ಕಳೆದ ವರ್ಷ ಊರಿನಿಂದ ಫೋನ್ ಮೇಲೆ ಫೋನ್. "ನಿಮ್ಮ ಮುಂಬೈ ಪೊಲೀಸರು ಫೋನ್ ಮಾಡಿದ್ದಾರೆ, ನನ್ನ ಹೆಸರಿನ ಪಾರ್ಸೆಲಿನಲ್ಲಿ ಡ್ರಗ್ಸ್ ಸಿಕ್ಕಿದೆಯಂತೆ." ಪೊಲೀಸರ ವೇಷದಲ್ಲಿ ವಿಡಿಯೊ ಕಾಲ್ ಮಾಡಿ, ನೀವು ಅರೆಸ್ಟ್ ಆಗಿದ್ದೀರಿ ಅಂತ ಹೆದರಿಸಿ ದುಡ್ಡು ಕೀಳುವ ಈ ಡಿಜಿಟಲ್ ಅರೆಸ್ಟ್ ಮೋಸದಲ್ಲಿ ಮುಂಬೈ ಪೊಲೀಸ್, ಮುಂಬೈ ಕಸ್ಟಮ್ಸ್ ಅನ್ನುವ ಹೆಸರು ಬಹಳ ಓಡುತ್ತದೆ. ಊರಿನವರಿಗೆ ಮುಂಬೈ ಅಂದರೆ ನಮ್ಮವರು ಇರುವ ಜಾಗ, ಹಾಗಾಗಿ ಸುಳ್ಳು ಅನ್ನಿಸುವುದೇ ಇಲ್ಲ. ಕಾನೂನಿನಲ್ಲಿ ಅಂಥ ಅರೆಸ್ಟೇ ಇಲ್ಲ. 2024ರ ಅಕ್ಟೋಬರ್ 27ರ ಮನ್ ಕಿ ಬಾತ್ ರೇಡಿಯೊ ಭಾಷಣದಲ್ಲಿ ಪ್ರಧಾನಿಯೂ ಇದನ್ನೇ ಹೇಳಿದ್ದರು. ಆದರೆ ವಿಡಿಯೊದಲ್ಲಿ ಖಾಕಿ ಕಂಡಾಗ ಅದು ನೆನಪಿಗೆ ಬರಬೇಕಲ್ಲ?

ಮಾವ ಹವ್ಯಾಸಿ ಅರ್ಥಧಾರಿ, ಅಂದರೆ ಯಕ್ಷಗಾನದ ಮಾತಿನ ಕೂಟವಾದ ತಾಳಮದ್ದಳೆಯಲ್ಲಿ ಪಾತ್ರವಾಗಿ ಮಾತಾಡುವವರು. ಅವರೇ ಹೇಳಿದರು, ಇದನ್ನು ತಾಳಮದ್ದಳೆಯ ಹಾಗೆ ಕೂತು ಮಾತಾಡೋಣ ಅಂತ. ವೇಷ ಇಲ್ಲ, ಬರೆದ ಮಾತೂ ಇಲ್ಲ, ಎದುರಾಎದುರು ಎರಡು ಕುರ್ಚಿ. ಮಾವ ಸುಳ್ಳು ಪೊಲೀಸ್. ಟೀಚರಮ್ಮ ಟೀಚರಮ್ಮನೇ.

ಮಾವ ಭಯ ಹುಟ್ಟಿಸಿದರು. ಪಾರ್ಸೆಲ್, ಆಧಾರ್, ನಿಮ್ಮ ಹೆಸರಿನಲ್ಲಿ ಖಾತೆ, ಕ್ಯಾಮೆರಾ ಬಂದ್ ಮಾಡಿದರೆ ಮನೆಗೆ ಗಾಡಿ ಬರುತ್ತದೆ, ಯಾರಿಗೂ ಹೇಳಬಾರದು, ಇದು ರಾಷ್ಟ್ರದ ಗುಟ್ಟು. ಮಾತಿನ ಮೇಲೆ ಮಾತು, ಎದುರಿನವರಿಗೆ ಉಸಿರು ಬಿಡಲೂ ಬಿಡದ ಹಾಗೆ. ಟೀಚರಮ್ಮನಿಗೇ ನಿಜವಾಗಿ ಬೆವರು ಬಂತು, ಸೆರಗಿನಿಂದ ಒರೆಸಿಕೊಂಡರು. ಸುತ್ತ ಕೂತವರು ನಗುವುದನ್ನು ನಿಲ್ಲಿಸಿದರು.

ಆಮೇಲೆ ಅವರು ಸುಧಾರಿಸಿಕೊಂಡು ಕೇಳಿದರು. "ಸಾಹೇಬ್ರೆ, ನಿಮ್ಮ ಸ್ಟೇಷನ್ ಎಲ್ಲಿ?"

"ಅಂಧೇರಿ."

"ಅಂಧೇರಿಯಲ್ಲಿ ಎಲ್ಲಿ? ಹತ್ತಿರದ ಉಡುಪಿ ಹೋಟೆಲ್ ಯಾವುದು? ನಮ್ಮ ಭಾವ ಅಲ್ಲೇ ಇರೋದು, ಈಗಲೇ ಸ್ಟೇಷನ್ನಿಗೆ ಕಳಿಸ್ತೇನೆ."

ಮಾವನಂಥ ಮಾತುಗಾರರೂ ಸ್ವಲ್ಪ ಹೊತ್ತು ತಡವರಿಸಿದರು. ಆಮೇಲೆ "ಲೈನ್ ಕಟ್ ಆಗ್ತಿದೆ" ಅಂದರು. ಸಭೆ ಬಿದ್ದು ಬಿದ್ದು ನಕ್ಕಿತು. ಇದರ ವಿಡಿಯೊ ಮಾಡಬೇಕಿತ್ತು ಅಂತ ಬಹಳ ಜನ ಹೇಳಿದರು. ನಿಯಮ ಅಡ್ಡ ಬಂತು. ನನಗೂ ಒಳಗೊಳಗೇ ಆಸೆ ಇತ್ತು.

ಈಗ ಊರಿನಲ್ಲಿ ಯಾರಿಗಾದರೂ ಮುಂಬೈ ಪೊಲೀಸರ ಫೋನ್ ಬಂದರೆ ಡೊಂಬಿವಲಿಗೆ ತಿರುಗಿಸುವ ಅಭ್ಯಾಸ ಕೆಲವು ಮನೆಗಳಲ್ಲಿ ಶುರುವಾಗಿದೆ. "ಒಂದು ನಿಮಿಷ ಸಾರ್, ನಮ್ಮ ಚಿಕ್ಕಪ್ಪ ಅಲ್ಲೇ ಇದ್ದಾರೆ" ಅಂದರೆ ಸಾಕು, ಫೋನ್ ಕಟ್.

ಎಲ್ಲವೂ ಸರಿಹೋಯಿತು ಅಂತ ಬರೆಯಲು ಆಗುವುದಿಲ್ಲ. 18,000 ಕಳೆದುಕೊಂಡವರು ಕೂಟಕ್ಕೆ ಇವತ್ತಿಗೂ ಬಂದಿಲ್ಲ. ದಾರಿಯಲ್ಲಿ ಸಿಕ್ಕರೆ ಮಾತಾಡುತ್ತಾರೆ, ಆ ವಿಷಯ ಎತ್ತುವುದಿಲ್ಲ. ಅಕ್ಕ ಆ ದುಡ್ಡು ತಾನು ಕೊಡುತ್ತೇನೆ ಅಂತ ಅವರ ಮನೆಗೆ ಹೋಗಿ ಬಂದರಂತೆ. ಅವರು ತೆಗೆದುಕೊಳ್ಳಲಿಲ್ಲ. ಎರಡೂ ಮನೆಗಳ ನಡುವೆ ಏನೋ ಒಂದು ಉಳಿದುಬಿಟ್ಟಿದೆ. ರಾಜಕೀಯದ ಫಾರ್ವರ್ಡುಗಳ ವಿಷಯದಲ್ಲೂ ನಾವು ಸೋತಿದ್ದೇವೆ. ಹಳದಿ ಗಾಡಿಯ ಫೋಟೊ ಸುಳ್ಳು ಅಂದರೆ ಎಲ್ಲರೂ ಒಪ್ಪುತ್ತಾರೆ. ತಮಗೆ ಬೇಕಾದ ಪಕ್ಷದ ಫೋಟೊ ಸುಳ್ಳು ಅಂದರೆ ಗ್ರೂಪ್ ಬಿಟ್ಟು ಹೋಗುತ್ತಾರೆ. ಈವರೆಗೆ ಮೂವರು ಹೋಗಿದ್ದಾರೆ.

ಹೋದ ತಿಂಗಳು ಟೀಚರಮ್ಮನಿಗೆ ಒಂದು ಫೋನ್ ಬಂತು. ಬ್ಯಾಂಕಿನಿಂದ, ಕೆವೈಸಿ ಬಗ್ಗೆ. ಅಚ್ಚ ಕನ್ನಡ. "ಅಮ್ಮ, ಊಟ ಆಯ್ತಾ?" ಅಂತಲೇ ಶುರು ಮಾಡಿದನಂತೆ. ಹಿಂದಿ ಬಂದರೆ ಅನುಮಾನ ಪಡಿ ಅಂತ ಎಲ್ಲರಿಗೂ ಹೇಳಿಕೊಂಡು ಬಂದ ನಮಗೆ ಇದನ್ನು ಕೇಳಿ ಮೈ ತಣ್ಣಗಾಯಿತು. ಟೀಚರಮ್ಮ ಆ ಹುಡುಗನ ಕನ್ನಡ ಬಹಳ ಚೆನ್ನಾಗಿತ್ತು, ಫೋನ್ ಇಡಲು ಮನಸ್ಸೇ ಬರಲಿಲ್ಲ ಅಂದರು. ಎಷ್ಟೋ ದಿನದ ಮೇಲೆ ಯಾರೋ ಫೋನಿನಲ್ಲಿ ಊಟದ ವಿಷಯ ಕೇಳಿದ್ದರು.

ಕುಕ್ಕರ್ ಆರಿಸಿ ಬರುತ್ತೇನೆ ಅಂತ ಹೇಳಿ ಇಟ್ಟರಂತೆ. ಮುಂದಿನ ಕೂಟಕ್ಕೆ ಬೋರ್ಡಿನ ಮೇಲೆ ಅವರೇ ವಿಷಯ ಬರೆದಿದ್ದಾರೆ: ಊಟ ಆಯ್ತಾ ಅಂತ ಕೇಳಿದವನು.